ಕಿತ್ತ ಜಾಗದಲ್ಲೇ ಮತ್ತೆ ನೆಟ್ಟ ಮರ

ಢಾಕಾದಲ್ಲಿ ರಿಕ್ಷಾ ತುಳಿಯುವವರನ್ನು ಎಲ್ಲರೂ ‘ಮಾಮಾ’ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆದು, ‘ಮಾಮಾ, ಶಹೀದ್ ಮಿನಾರ್’ ಅಂದೆ. ಭಾಷೆಗಾಗಿ ಪ್ರಾಣ ಕೊಟ್ಟವರ ಸ್ಮಾರಕ ಅದು. ಆವತ್ತು ಫೆಬ್ರವರಿ 19. ಮಿನಾರಿನ ಮುಂದಿನ ರಸ್ತೆಯಲ್ಲಿ ಲಲಿತಕಲೆಯ ವಿದ್ಯಾರ್ಥಿಗಳು ಕುಕ್ಕರಗಾಲಲ್ಲಿ ಕೂತು ದೊಡ್ಡ ರಂಗೋಲಿ ಬರೆಯುತ್ತಿದ್ದರು. ಅಲ್ಲಿ ಅದು ಆಲ್ಪೊನಾ. ಪುಡಿಯಲ್ಲ, ಬ್ರಶ್ಶಿನಿಂದ ಹಚ್ಚುವ ಬಣ್ಣ.

ಈ ನಾಡು ಪಾಕಿಸ್ತಾನದ ಭಾಗವಾಗಿದ್ದ ಕಾಲ. 1952ರಲ್ಲಿ ಬಂಗಾಳಿಗೂ ರಾಷ್ಟ್ರಭಾಷೆಯ ಸ್ಥಾನ ಕೊಡಿ ಅಂತ ವಿದ್ಯಾರ್ಥಿಗಳು ಬೀದಿಗಿಳಿದದ್ದು ಇಲ್ಲೇ. ಸರ್ಕಾರ 144ನೇ ಸೆಕ್ಷನ್ ಹಾಕಿತ್ತು. ಫೆಬ್ರವರಿ 21ರ ಬೆಳಿಗ್ಗೆ ವಿಶ್ವವಿದ್ಯಾಲಯದ ಮಾವಿನ ಮರದ ಕೆಳಗೆ ಸೇರಿದ ಹುಡುಗರು ಹತ್ತತ್ತು ಜನರಾಗಿ ಗೇಟು ದಾಟಿದರು. ಮಧ್ಯಾಹ್ನ ಮೆಡಿಕಲ್ ಕಾಲೇಜು ಹಾಸ್ಟೆಲ್ ಹತ್ತಿರ ಪೊಲೀಸರು ಗುಂಡು ಹಾರಿಸಿದರು, ಕೆಲವರು ಸತ್ತರು. ಎರಡು ದಿನ ಕಳೆದ ಮೇಲೆ ಅದೇ ಹಾಸ್ಟೆಲ್ ಆವರಣದಲ್ಲಿ ಮೆಡಿಕಲ್ ವಿದ್ಯಾರ್ಥಿಗಳು ರಾತ್ರೋರಾತ್ರಿ ಒಂದು ಸ್ಮಾರಕ ಕಟ್ಟಿದರು. 26ಕ್ಕೆ ಪೊಲೀಸರು ಅದನ್ನು ಒಡೆದರು. ಆಮೇಲೆ ಎದ್ದ ದೊಡ್ಡ ಮಿನಾರನ್ನು 1971ರಲ್ಲಿ ಪಾಕಿಸ್ತಾನದ ಸೈನ್ಯ ಕೆಡವಿತು. ಈಗಿರುವುದು ಮತ್ತೆ ಕಟ್ಟಿದ್ದು. ನಡುವಿನ ಕಂಬ ತಲೆಬಾಗಿದ ತಾಯಿ, ಅಕ್ಕಪಕ್ಕದವು ಮಕ್ಕಳು.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ವಿಶ್ವವಿದ್ಯಾಲಯದ ಕಲಾ ಭವನದ ಆಲದ ಮರ. ಬಟತಲಾ ಅಂತಾರೆ. 1971ರ ಮಾರ್ಚ್ 2ರಂದು ವಿದ್ಯಾರ್ಥಿಗಳು ಬಾಂಗ್ಲಾದೇಶದ ಬಾವುಟವನ್ನು ಮೊದಲ ಸಲ ಹಾರಿಸಿದ್ದು ಇಲ್ಲಿ. ಆ ವರ್ಷವೇ ಸೈನ್ಯ ಮರವನ್ನು ಬುಡಸಮೇತ ಕಿತ್ತು ಹಾಕಿತು. ಮರದ ಮೇಲೆ ಯಾಕೆ ಅಷ್ಟು ಸಿಟ್ಟು? ಅದರ ಕೆಳಗೆ ಹುಡುಗರು ಸೇರುತ್ತಿದ್ದರು, ಅದಕ್ಕೇ ಅಲ್ವಾ? 1972ರಲ್ಲಿ ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿ ಬಂದು ಅಲ್ಲೇ ಹೊಸ ಸಸಿ ನೆಟ್ಟರು. ಈಗ ಅದು ದೊಡ್ಡ ಮರ. ನಾನು ಹೋದಾಗ ಕಟ್ಟೆಯ ಮೇಲೆ ಮೂವರು ಹುಡುಗಿಯರು ನೋಟ್ಸ್ ಹರಡಿಕೊಂಡು ಓದುತ್ತಿದ್ದರು. ಮಿನಾರಿಗೆ ಜನ ಕೈಮುಗಿಯಲು ಹೋಗುತ್ತಾರೆ. ಇಲ್ಲಿ ಸುಮ್ನೆ ಕೂರಲು ಬರುತ್ತಾರೆ. ಮುಂದಿನ ಚಳವಳಿ ಹುಟ್ಟುವುದು ಇಂಥ ಕಡೆಯೇ ಅನಿಸಿತು.

ಸ್ವಲ್ಪ ದೂರದಲ್ಲಿ ರಾಜು ಸ್ಮಾರಕ. 1992ರಲ್ಲಿ ಕ್ಯಾಂಪಸ್ಸಿನ ಹಿಂಸೆಯ ವಿರುದ್ಧ ಮೆರವಣಿಗೆ ಮಾಡುವಾಗ ಗುಂಡೇಟಿಗೆ ಸತ್ತ ವಿದ್ಯಾರ್ಥಿಯ ನೆನಪು. 2024ರ ಜುಲೈನಲ್ಲಿ ಮೀಸಲಾತಿ ಕೋಟಾದ ವಿರುದ್ಧ ಎದ್ದವರೂ ಇದರ ಸುತ್ತಲೇ ಸೇರಿದ್ದರು. ಪ್ರತಿಮೆಯಲ್ಲಿ ಹುಡುಗ ಹುಡುಗಿಯರು ಕೈ ಕೈ ಹಿಡಿದು ನಿಂತಿದ್ದಾರೆ.

21ರ ಬೆಳಿಗ್ಗೆ ಮತ್ತೆ ಮಿನಾರಿಗೆ ಹೋದೆ. ಎಲ್ಲರದೂ ಬರಿಗಾಲು. ನಾನೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆ. ಮೊನ್ನೆಯ ಆಲ್ಪೊನಾ ಪಾದದ ಕೆಳಗೆ ತಣ್ಣಗಿತ್ತು.