ಎರಡು ಸಲ ಬಂದ ಹಾಲಿನ ಲೆಕ್ಕ

ಕಳೆದ ಮೂರು ತಿಂಗಳಲ್ಲಿ ನಾನು ಕೋಡ್ ಬರೆದದ್ದು ಕಡಿಮೆ, ಒಂದು ಕೈಪಿಡಿಯನ್ನು ತಿದ್ದಿದ್ದೇ ಹೆಚ್ಚು. ಮೈಸೂರಿನ ಹೆಬ್ಬಾಳದಲ್ಲಿರುವ ನಮ್ಮ ಚಿಕ್ಕ ಕಚೇರಿಯಲ್ಲಿ ಮಂಡ್ಯದ ಸುತ್ತಮುತ್ತಲಿನ ಕೆಲವು ಹಾಲು ಉತ್ಪಾದಕರ ಸಹಕಾರ ಸಂಘಗಳಿಗಾಗಿ ತಂತ್ರಾಂಶ ರೂಪಿಸುತ್ತೇವೆ. ಊರಿನ ಡೇರಿಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಹಾಲನ್ನು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಟ್ಟ ಮೇಲೆ ಅದೇ ಲೆಕ್ಕ ಸದಸ್ಯರ ಮೊಬೈಲಿಗೆ ಎಸ್ಎಂಎಸ್ ಆಗಿ ತಲುಪಬೇಕು. ಹಾಗೆ ತಲುಪಿಸುವ ಕೆಲಸವನ್ನು ಪಿಎಚ್‌ಪಿಯ ಸಿಂಫನಿ ಚೌಕಟ್ಟಿನ ಮೆಸೆಂಜರ್ ಎಂಬ ಘಟಕದ ಮೇಲೆ ಕಟ್ಟಿದ್ದೇವೆ. ಕಳುಹಿಸಬೇಕಾದ ಸಂದೇಶವನ್ನು ಅದು ಡೇಟಾಬೇಸಿನ ಒಂದು ಕೋಷ್ಟಕದಲ್ಲಿ ಇಡುತ್ತದೆ. ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ವರ್ಕರ್ ಎಂಬ ಪ್ರಕ್ರಿಯೆ ಅದನ್ನು ಕೈಗೆತ್ತಿಕೊಂಡು ಮುಗಿಸುತ್ತದೆ. ಈ ವ್ಯವಸ್ಥೆಯನ್ನು ನಮ್ಮ ತಂಡಕ್ಕೆ ವಿವರಿಸುವ ಕೈಪಿಡಿಯನ್ನು ಮೊದಲು ಬರೆದವನೂ ನಾನೇ.

ಒಂದು ದಿನ ಬೆಳಿಗ್ಗೆ ಒಂದು ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿದರು. "ಸಾರ್, ನಮ್ಮೂರಿನ ಅಜ್ಜಿಯೊಬ್ರು ಡೇರಿ ಮುಂದೆ ನಿಂತವ್ರೆ. ಹಾಕಿದ್ದು ನಾಕೂವರೆ ಲೀಟ್ರು, ಮೆಸೇಜು ಎರಡು ಸಲ ಬಂದೈತೆ. ದುಡ್ಡೂ ಎರಡು ಸಲ ಬತ್ತದಾ, ಇಲ್ಲ ಮುಂದಿನ ಬಟವಾಡೆಲಿ ಹಿಡ್ಕತೀರಾ ಅಂತ ಕೇಳ್ತಾವ್ರೆ." ಲೆಕ್ಕದ ಪುಸ್ತಕದಲ್ಲಿ ಹಾಲು ಒಂದೇ ಸಲ ದಾಖಲಾಗಿತ್ತು, ಹಣದಲ್ಲಿ ವ್ಯತ್ಯಾಸವಿರಲಿಲ್ಲ. ಆದರೂ ಆ ಅಜ್ಜಿಯ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರದೆ ಹೋದೆ, ಏಕೆಂದರೆ ನಮ್ಮ ತಂತ್ರಾಂಶ ಅವರ ಕೈಗೆ ಕೊಡುವ ಒಂದೇ ಸಾಕ್ಷಿ ಆ ಎಸ್ಎಂಎಸ್.

ಕಾರಣ ಹುಡುಕಿದಾಗ ಸಿಕ್ಕಿದ್ದು ದೋಷವಲ್ಲ, ಒಂದು ನಿಯಮ. ಸಂದೇಶಗಳನ್ನು ಹೀಗೆ ಡೇಟಾಬೇಸಿನಲ್ಲಿಟ್ಟು ಸಾಗಿಸುವ ಡಾಕ್ಟ್ರಿನ್ ಟ್ರಾನ್ಸ್‌ಪೋರ್ಟ್ ಬಳಸಿದಾಗ, ವರ್ಕರ್ ಒಂದು ಸಂದೇಶವನ್ನು ಎತ್ತಿಕೊಂಡ ಕ್ಷಣವೇ ಆ ಸಾಲಿನಲ್ಲಿ ಸಮಯ ದಾಖಲಾಗುತ್ತದೆ, ಕೆಲಸ ಯಶಸ್ವಿಯಾಗಿ ಮುಗಿದ ಮೇಲೆ ಸಾಲು ಅಳಿಯುತ್ತದೆ. 3600 ಸೆಕೆಂಡು ಕಳೆದರೂ ಸಾಲು ಉಳಿದಿದ್ದರೆ, ಎತ್ತಿಕೊಂಡ ವರ್ಕರ್ ಸತ್ತಿರಬೇಕೆಂದು ಭಾವಿಸಿ ಘಟಕವು ಅದೇ ಸಂದೇಶವನ್ನು ಇನ್ನೊಂದು ವರ್ಕರ್‌ಗೆ ಕೊಡುತ್ತದೆ. ಈ ಅವಧಿಯ ಹೆಸರು ರೀಡೆಲಿವರ್ ಟೈಮ್‌ಔಟ್. ನಾವು ಒಂದು ತಾಲ್ಲೂಕಿನ ಅಷ್ಟೂ ಸದಸ್ಯರ ಪಟ್ಟಿಯನ್ನು ಒಂದೇ ಸಂದೇಶವಾಗಿ ಇಡುತ್ತಿದ್ದೆವು. ಎಸ್ಎಂಎಸ್‌ಗಳನ್ನು ಮೊಬೈಲ್ ಜಾಲಕ್ಕೆ ದಾಟಿಸುವ ಗೇಟ್‌ವೇ ಆ ದಿನ ನಿಧಾನವಾಗಿದ್ದುದರಿಂದ ಪಟ್ಟಿ ಒಂದು ಗಂಟೆಯಲ್ಲಿ ಮುಗಿಯಲಿಲ್ಲ. ಮೊದಲ ವರ್ಕರ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಎರಡನೆಯದು ಅದೇ ಪಟ್ಟಿಯನ್ನು ಮೊದಲಿನಿಂದ ಆರಂಭಿಸಿತು.

ಸಿಂಫನಿಯ ಅಧಿಕೃತ ದಾಖಲೆಯಲ್ಲಿ ಈ ಎಚ್ಚರಿಕೆ ಸ್ಪಷ್ಟವಾಗಿಯೇ ಇದೆ: ಅತ್ಯಂತ ನಿಧಾನದ ಸಂದೇಶಕ್ಕೆ ಬೇಕಾಗುವ ಸಮಯಕ್ಕಿಂತ ಈ ಅವಧಿ ಹೆಚ್ಚಿರಬೇಕು. ನಮ್ಮ ಕೈಪಿಡಿಯಲ್ಲಿ ಇರಲಿಲ್ಲ. ಸಂದೇಶದ ಕ್ಲಾಸ್ ಹೇಗೆ ಬರೆಯಬೇಕು, ಸಂದೇಶದ ಕೆಲಸವನ್ನು ಮಾಡುವ ಕೋಡ್ ಆದ ಹ್ಯಾಂಡ್ಲರ್ ಅನ್ನು ಎಲ್ಲಿಡಬೇಕು, ವರ್ಕರ್ ಯಾವ ಆಜ್ಞೆಯಿಂದ ಶುರುವಾಗುತ್ತದೆ ಎಂಬುದನ್ನೆಲ್ಲ ನಾನು ಉದಾಹರಣೆ ಸಮೇತ ವಿವರಿಸಿದ್ದೆ. ಎಲ್ಲವೂ ಸರಿಯಾಗಿ ನಡೆದಾಗ ಏನಾಗುತ್ತದೆ ಎಂಬಷ್ಟಕ್ಕೇ ಆ ವಿವರಣೆ ನಿಂತಿತ್ತು.

ಸಾಮಾನ್ಯ ಫಂಕ್ಷನ್ ಒಂದರ ಬಗ್ಗೆ ಹಾಗೆ ಬರೆದರೂ ದೊಡ್ಡ ಹಾನಿಯಾಗದು, ಏಕೆಂದರೆ ಅದು ತಪ್ಪಿದರೆ ಕರೆದವನ ಮುಂದೆಯೇ ತಪ್ಪು ಕಾಣಿಸುತ್ತದೆ. ಕ್ಯೂ, ಅಂದರೆ ಕೆಲಸಕ್ಕಾಗಿ ಕಾದಿರುವ ಸಂದೇಶಗಳ ಸಾಲು, ಹಾಗಲ್ಲ. ಸಂದೇಶ ಇಟ್ಟವನು ತನ್ನ ಕೆಲಸ ಮುಗಿಯಿತೆಂದು ಹೊರಟುಹೋಗಿರುತ್ತಾನೆ. ತಪ್ಪು ಇನ್ನೊಂದು ಪ್ರಕ್ರಿಯೆಯಲ್ಲಿ, ಇನ್ನೊಂದು ಹೊತ್ತಿನಲ್ಲಿ, ಕೆಲವೊಮ್ಮೆ ಬೇರೆ ಯಂತ್ರದಲ್ಲಿ ಸಂಭವಿಸುತ್ತದೆ. ಆದ್ದರಿಂದ ಇಂಥ ಘಟಕದ ಕೈಪಿಡಿಯಲ್ಲಿ ಬಳಸುವ ವಿಧಾನಕ್ಕಿಂತಲೂ ಮೊದಲು ಅವಧಿಗಳು, ಮಿತಿಗಳು ಮತ್ತು ಕೆಲಸ ಅರ್ಧಕ್ಕೆ ನಿಂತಾಗಿನ ನಡವಳಿಕೆ ಬರಬೇಕೆಂದು ನಾನು ಈಗ ದೃಢವಾಗಿ ನಂಬಿದ್ದೇನೆ.

ಹೊಸದಾಗಿ ತಿದ್ದುವಾಗ ನನ್ನನ್ನು ಹೆಚ್ಚು ಕಾಡಿದ್ದು ಹಳೆಯ ಕೈಪಿಡಿಯ ಒಂದು ವಾಕ್ಯ: "ಹ್ಯಾಂಡ್ಲರ್ ವಿಫಲವಾದರೆ ಸಂದೇಶವನ್ನು ಮತ್ತೆ ಪ್ರಯತ್ನಿಸಲಾಗುತ್ತದೆ." ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಇದನ್ನು ಓದಿದವರು ನಿಶ್ಚಿಂತರಾಗುತ್ತಾರೆ, ಮತ್ತು ಆ ನಿಶ್ಚಿಂತೆಗೆ ಆಧಾರವಿಲ್ಲ. ಏನನ್ನೂ ಬದಲಿಸದೆ ಬಿಟ್ಟರೆ ಮೆಸೆಂಜರ್ ಮೂರು ಸಲ ಮರುಪ್ರಯತ್ನ ಮಾಡುತ್ತದೆ, ಮೊದಲನೆಯದಕ್ಕೆ 1 ಸೆಕೆಂಡು ಕಾಯುತ್ತದೆ, ನಂತರ ಪ್ರತಿ ಸಲವೂ ಕಾಯುವ ಹೊತ್ತನ್ನು ಇಮ್ಮಡಿಗೊಳಿಸುತ್ತದೆ. ಅಂದರೆ 1, 2 ಮತ್ತು 4, ಒಟ್ಟು ಸುಮಾರು 7 ಸೆಕೆಂಡು. ಗೇಟ್‌ವೇ ಹತ್ತು ನಿಮಿಷ ಸ್ಥಗಿತವಾಗಿದ್ದರೆ ಅದು ಎಚ್ಚರಗೊಳ್ಳುವ ಬಹಳ ಮೊದಲೇ ನಮ್ಮ ಪ್ರಯತ್ನಗಳೆಲ್ಲ ಮುಗಿದಿರುತ್ತವೆ. ವಿಫಲ ಸಂದೇಶಗಳಿಗೆಂದು ಪ್ರತ್ಯೇಕ ಟ್ರಾನ್ಸ್‌ಪೋರ್ಟ್ ಗೊತ್ತುಪಡಿಸದಿದ್ದರೆ, ಆ ಮೇಲೆ ಸಂದೇಶವನ್ನು ಕ್ಯೂನಿಂದ ತೆಗೆದುಹಾಕಲಾಗುತ್ತದೆ. ಲಾಗ್‌ನಲ್ಲಿ ಒಂದು ಸಾಲು ಉಳಿದೀತು, ಸಂದೇಶ ಉಳಿಯದು. ಆ ಒಂದು ವಾಕ್ಯದ ಜಾಗದಲ್ಲಿ ಈಗ ಒಂದೂವರೆ ಪುಟವಿದೆ, ಮತ್ತು ಅದು ಉದ್ದವಾಯಿತೆಂದು ನನಗೆ ಅನ್ನಿಸುತ್ತಿಲ್ಲ.

ವರ್ಕರ್ ನಿಲ್ಲಿಸುವ ಭಾಗವನ್ನೂ ಪೂರ್ತಿ ಹೊಸದಾಗಿ ಬರೆದೆ. ವರ್ಕರ್ ದೀರ್ಘಕಾಲ ಓಡುವ ಪ್ರಕ್ರಿಯೆಯಾದ್ದರಿಂದ ಹೊಸ ಕೋಡ್ ಹಾಕಿದರೂ ಅದು ಹಳೆಯದನ್ನೇ ನಡೆಸುತ್ತಿರುತ್ತದೆ. ಮೆಸೆಂಜರ್‌ನದೇ ನಿಲುಗಡೆ ಆಜ್ಞೆ ಕೊಟ್ಟರೆ ವರ್ಕರ್ ಕೈಯಲ್ಲಿರುವ ಸಂದೇಶವನ್ನು ಮುಗಿಸಿಯೇ ನಿಲ್ಲುತ್ತದೆ, ಆಮೇಲೆ, ಪ್ರಕ್ರಿಯೆಗಳನ್ನು ಓಡಿಸಿ ಕಾಯುವ ತಂತ್ರಾಂಶವಾದ ಸೂಪರ್‌ವೈಸರ್ ಅದನ್ನು ಹೊಸ ಕೋಡ್‌ನೊಂದಿಗೆ ಮತ್ತೆ ಎಬ್ಬಿಸುತ್ತದೆ. ಬದಲಿಗೆ ನೇರವಾಗಿ ಸೂಪರ್‌ವೈಸರ್‌ನಿಂದಲೇ ನಿಲ್ಲಿಸಿದರೆ, ಬೇರೆ ಹೊಂದಿಕೆ ಇಲ್ಲದಿರುವಾಗ ಅದು 10 ಸೆಕೆಂಡು ಕಾದು, ಅಷ್ಟರಲ್ಲಿ ನಿಲ್ಲದ ಪ್ರಕ್ರಿಯೆಯನ್ನು ಬಲವಂತವಾಗಿ ಕೊಲ್ಲುತ್ತದೆ. ಆಗ ಅರ್ಧಕ್ಕೆ ನಿಂತ ಸಂದೇಶ ಕಳೆದುಹೋಗುವುದಿಲ್ಲ. ಮೇಲೆ ಹೇಳಿದ ಒಂದು ಗಂಟೆಯ ನಂತರ ಮತ್ತೆ ತಲೆಯೆತ್ತುತ್ತದೆ. ಮಧ್ಯಾಹ್ನ ಕೋಡ್ ಬದಲಿಸಿದವರಿಗೆ, ಗಂಟೆ ಕಳೆದ ಮೇಲೆ ಬರುವ ಎಸ್ಎಂಎಸ್‌ಗೂ ತಮ್ಮ ಕೆಲಸಕ್ಕೂ ಸಂಬಂಧವಿದೆ ಎಂದು ಯಾರಾದರೂ ಬರೆದಿಡದೆ ತಿಳಿಯುವ ದಾರಿಯಿಲ್ಲ.

ಕೋಡನ್ನೂ ತಿದ್ದಿದೆವು. ಈಗ ಒಬ್ಬ ಸದಸ್ಯರ ಒಂದು ಹೊತ್ತಿನ ಹಾಲಿಗೆ ಒಂದೇ ಸಂದೇಶ. ಕಳುಹಿಸುವ ಮುನ್ನ ಸಂಘ, ಸದಸ್ಯರ ಸಂಖ್ಯೆ, ದಿನಾಂಕ, ಬೆಳಿಗ್ಗೆಯೋ ಸಂಜೆಯೋ ಎಂಬ ನಾಲ್ಕನ್ನೂ ಸೇರಿಸಿದ ಕೀಲಿಯಿಂದ, ಇದು ಈಗಾಗಲೇ ಹೋಗಿದೆಯೇ ಎಂದು ನೋಡುತ್ತೇವೆ. ಆದರೆ "ಹೋಗಿದೆ" ಎಂದು ಗುರುತು ಹಾಕಬೇಕಾದದ್ದು ಕಳುಹಿಸುವ ಮೊದಲೋ ನಂತರವೋ? ಮೊದಲೇ ಹಾಕಿದರೆ, ನಡುವೆ ಯಂತ್ರ ನಿಂತಾಗ ಎಸ್ಎಂಎಸ್ ಎಂದೂ ಹೋಗದು. ನಂತರ ಹಾಕಿದರೆ, ಅದೇ ಸಂದರ್ಭದಲ್ಲಿ ಎರಡು ಸಲ ಹೋದೀತು. ನಾವು ನಂತರ ಹಾಕುವುದನ್ನು ಆರಿಸಿಕೊಂಡು, ಎಸ್ಎಂಎಸ್‌ನಲ್ಲಿ ಚೀಟಿಯ ಸಂಖ್ಯೆಯನ್ನೂ ಸೇರಿಸಿದೆವು. ಒಂದೇ ಸಂಖ್ಯೆ ಎರಡು ಸಲ ಬಂದರೆ ಸದಸ್ಯರು ಗುರುತಿಸಬಲ್ಲರು, ಬಾರದೇ ಹೋದದ್ದನ್ನು ಗುರುತಿಸುವುದು ಕಷ್ಟ. ಈ ಆಯ್ಕೆಯ ಜೊತೆಗೆ ಅದರ ಕಾರಣವನ್ನೂ ಕೈಪಿಡಿಯಲ್ಲಿ ದಾಖಲಿಸಿದ್ದೇನೆ, ಇಲ್ಲದಿದ್ದರೆ ಮುಂದೆ ಬರುವವರು ಸಾಲುಗಳ ಕ್ರಮ ತಪ್ಪಿದೆಯೆಂದು ಸದುದ್ದೇಶದಿಂದಲೇ ಅದಲುಬದಲು ಮಾಡಿಯಾರು.

ಆವೃತ್ತಿಗಳ ವಿಷಯ ಚಿಕ್ಕದು. ಮೆಸೆಂಜರ್ ಬಂದದ್ದು 2018ರ ಸಿಂಫನಿ 4.1ರಲ್ಲಿ, ಮರುಪ್ರಯತ್ನ ಮತ್ತು ವಿಫಲ ಸಂದೇಶಗಳ ಟ್ರಾನ್ಸ್‌ಪೋರ್ಟ್ ಸೇರಿದ್ದು 2019ರ 4.3ರಲ್ಲಿ. ಅದಕ್ಕೂ ಹಿಂದಿನ ಬರಹಗಳನ್ನು ಓದುವವರು ಇದನ್ನು ನೆನಪಿಡಬೇಕೆಂದು ಒಂದು ಸಾಲು ಸೇರಿಸಿದ್ದೇನೆ.

ಕಾರ್ಯದರ್ಶಿಗಳಿಗಾಗಿ ಕನ್ನಡದಲ್ಲಿ ಎರಡು ಪುಟಗಳ ಬೇರೆ ಭಾಗವಿದೆ. ಅದರಲ್ಲಿ ಕ್ಯೂ ಎಂಬುದಕ್ಕೆ ಮೊದಲು "ಸರದಿ" ಎಂದು ಬರೆದಿದ್ದೆ. ಓದಿದ ಕಾರ್ಯದರ್ಶಿಯವರೊಬ್ಬರು ಅದನ್ನು ಹಾಲು ಹಾಕುವವರ ಸಾಲೆಂದು ತಿಳಿದರು, ಹಾಗಾಗಿ "ಕಳುಹಿಸಲು ಬಾಕಿ ಇರುವ ಮೆಸೇಜುಗಳು" ಎಂದು ಬದಲಿಸಿದೆ.

ಹೋದ ವಾರ ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರಿಗೆ ಕೈಪಿಡಿ ಕೊಟ್ಟು, ನಾನು ಪಕ್ಕದಲ್ಲಿ ಮಾತನಾಡದೆ ಕುಳಿತೆ. ಪ್ರಯೋಗದ ಸರ್ವರ್‌ನಲ್ಲಿ ಅವರು ವರ್ಕರ್ ಅನ್ನು ಬಲವಂತವಾಗಿ ಕೊಂದು, ಕೋಷ್ಟಕದಲ್ಲಿ ಉಳಿದ ಸಾಲನ್ನು ಓದಿ, ಅದು ಮತ್ತೆ ಯಾವಾಗ ಹೊರಡುತ್ತದೆಂದು ಗಡಿಯಾರ ನೋಡಿ ಸರಿಯಾಗಿ ಹೇಳಿದರು. ಆಮೇಲೆ, "ಸರ್, ವಿಫಲವಾದದ್ದನ್ನು ಪ್ರತ್ಯೇಕವಾಗಿ ಇಡುತ್ತೇವೆ ಅಂತ ಬರೆದಿದ್ದೀರಿ. ಅದನ್ನು ದಿನಾ ನೋಡುವವರು ಯಾರು?" ಎಂದು ಕೇಳಿದರು. ಅದಕ್ಕೆ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಬೆಳಗಿನ ಹಾಲು ಮುಗಿದ ಮೇಲೆ ಒಂಬತ್ತೂವರೆಗೆ ಮತ್ತು ಸಂಜೆ ಎಂಟಕ್ಕೆ ಯಾರು ನೋಡಬೇಕು, ಯಾವುದನ್ನು ಮತ್ತೆ ಕಳುಹಿಸಬೇಕು, ಯಾವುದನ್ನು ಸಂಘಕ್ಕೆ ಫೋನ್ ಮಾಡಿ ತಿಳಿಸಬೇಕು ಎಂಬ ಪುಟವನ್ನು ಅವರೂ ನಾನೂ ಸೇರಿ ಈಗ ಬರೆಯುತ್ತಿದ್ದೇವೆ.