ಯುಗಾದಿಯ ಹಿಂದಿನ ದಿನ ಬಡಿದ ತಟ್ಟೆ

ಅಮ್ಮ ಅಟ್ಟದ ಮೇಲಿದ್ದ ತಟ್ಟೆಗಳನ್ನೆಲ್ಲ ಇಳಿಸಿಕೊಂಡು ಕೂತಿದ್ದಳು. ಒಂದೊಂದನ್ನೂ ಬೆರಳಲ್ಲಿ ತಟ್ಟಿ, "ಇದು ಸದ್ದೇ ಬರಲ್ಲ ಕಣೇ" ಎಂದು ಪಕ್ಕಕ್ಕಿಡುವಳು. ಕೊನೆಗೆ ಆರಿಸಿದ್ದು ಮದುವೆಗೆ ಉಡುಗೊರೆಯಾಗಿ ಬಂದ, ಅಂಚಿನಲ್ಲಿ ಅಪ್ಪನ ಹೆಸರು ಕೊರೆಸಿದ್ದ ದಪ್ಪ ಸ್ಟೀಲ್ ತಟ್ಟೆ. 2021ರ ಏಪ್ರಿಲ್ 12, ಸೋಮವಾರ. ಮಾರನೇ ದಿನ ಯುಗಾದಿ. ಮನೆಯಲ್ಲಿ ಬೆಲ್ಲವಿತ್ತು, ಕ್ವಾರ್ಟರ್ಸ್ ಗೇಟಿನ ಪಕ್ಕದಲ್ಲೇ ಬೇವಿನ ಮರವಿತ್ತು. ಮಾರ್ಚ್ ತಿಂಗಳ ಸಂಬಳ ಮಾತ್ರ ಬಂದಿರಲಿಲ್ಲ.

ಅಪ್ಪ ಕಂಡಕ್ಟರ್. 7ನೇ ತಾರೀಕಿನಿಂದ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ನೌಕರರು ಮುಷ್ಕರ ಹೂಡಿದ್ದರು. ಸರ್ಕಾರಿ ನೌಕರರ ಹಾಗೆ ನಮಗೂ ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ ಅನ್ನುವುದು ಬೇಡಿಕೆ. ನಾಲ್ಕು ವರ್ಷಕ್ಕೊಮ್ಮೆ ಆಗಬೇಕಾದ ವೇತನ ಪರಿಷ್ಕರಣೆ 2020ರ ಜನವರಿಯಲ್ಲೇ ಬಾಕಿ ಬಿದ್ದಿತ್ತು. ಆಮೇಲೆ ಕೊರೊನಾ ಬಂತು, ಬಸ್ಸು ನಿಂತವು, ಕೇಳುವ ಹಾಗೇ ಇರಲಿಲ್ಲ. ಡಿಸೆಂಬರಿನಲ್ಲಿ ನಾಲ್ಕು ದಿನ ಮುಷ್ಕರ ಮಾಡಿದಾಗ ಭರವಸೆ ಸಿಕ್ಕಿತು. ಏಪ್ರಿಲಿನಲ್ಲಿ ಸರ್ಕಾರ ಶೇ 8ರಷ್ಟು ಮಧ್ಯಂತರ ಹೆಚ್ಚಳ ಕೊಡುತ್ತೇವೆ, ಆರನೇ ಆಯೋಗದ ಮಾತೇ ಬೇಡ ಎಂದಿತು.

ದಮನ ಅಂದರೆ ನನ್ನ ಕಣ್ಣಿಗೆ ಮೊದಲು ಬರುತ್ತಿದ್ದದ್ದು ಲಾಠಿ. ಆ ದಿನಗಳಲ್ಲಿ ನಮ್ಮ ಮನೆಗೆ ಬಂದದ್ದು ಕಾಗದ. ಡ್ಯೂಟಿಗೆ ಬರದಿದ್ದರೆ ಕ್ವಾರ್ಟರ್ಸ್ ಖಾಲಿ ಮಾಡಿ ಅಂತ ಬಾಗಿಲಿಗೆ ಅಂಟಿಸಿದ ನೋಟಿಸ್. ಅಪ್ಪನ ಫೋನಿಗೆ ದಿನಾ ಬರುತ್ತಿದ್ದ ಪಟ್ಟಿಗಳು: ಇಂಥವರು ವರ್ಗ, ಇಂಥವರು ಅಮಾನತು, ಟ್ರೈನಿಗಳು ವಜಾ. ಅಪ್ಪ ಕನ್ನಡಕ ಹಾಕಿಕೊಂಡು, ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿದ ಹಾಗೆ ತನ್ನ ಬಿಲ್ಲೆ ನಂಬರ್ ಹುಡುಕುತ್ತಿದ್ದ. ಟೀವಿಯಲ್ಲಿ ದಿನಾ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾಯ್ದೆಯದೇ ಮಾತು: ಎಸ್ಮಾ, ಎಸ್ಮಾ. "ಯಾರೇ ಅದು, ದಿನಾ ಹೆದರಿಸ್ತಾಳಲ್ಲ?" ಅಂತ ಅಮ್ಮ ಕೇಳಿದಾಗ ಅಷ್ಟರಲ್ಲೂ ಅಪ್ಪ ನಕ್ಕಿದ್ದ. ಕೆಲಸಕ್ಕೆ ಬಂದವರಿಗಷ್ಟೇ ಮಾರ್ಚ್ ಸಂಬಳ ಎಂದಾಗ ನಗಲಿಲ್ಲ. ಮಾರ್ಚ್ ಪೂರ್ತಿ ದುಡಿದಿದ್ದನಲ್ಲ!

ಹಾಗಾಗಿ ಅವತ್ತು ತಟ್ಟೆ, ಲೋಟ ಬಡಿಯುವ ಪ್ರತಿಭಟನೆ. ಡಿಸಿ ಕಚೇರಿ ಮುಂದೆ ಹೆಂಗಸರು, ಮಕ್ಕಳೇ ಹೆಚ್ಚು. ಮೊದಲ ಐದು ನಿಮಿಷ ನನಗೆ ನಾಚಿಕೆ. ಆಮೇಲೆ ಅಮ್ಮನನ್ನು ನೋಡಿದೆ. ಸೌಟು ಹಿಡಿದು, ತುಟಿ ಕಚ್ಚಿಕೊಂಡು, ಅಪ್ಪನ ಹೆಸರಿನ ಮೇಲೇ ಬಡಿಯುತ್ತಿದ್ದಳು. ಅರ್ಧ ಗಂಟೆಯಾಗಿರಬೇಕು, ಪೊಲೀಸರು ಸುತ್ತುವರಿದರು. "ಅಕ್ಕಾ, ಸಾಕು ಹತ್ತಿ, ನಮಗೂ ಮೇಲಿಂದ ಆರ್ಡರ್" ಎಂದಳು ಒಬ್ಬ ಮಹಿಳಾ ಪೇದೆ.

ಹತ್ತಬೇಕಾದದ್ದು ಖಾಸಗಿ ಬಸ್ಸು. ಯಾವ ಚಳವಳಿಯಾದರೂ ಬಂಧಿತರನ್ನು ತುಂಬಿಕೊಂಡು ಹೋಗುತ್ತಿದ್ದದ್ದು ಅಪ್ಪನ ಡಿಪೊ ಬಸ್ಸೇ. ಆವತ್ತು ಅದು ಡಿಪೊದಲ್ಲೇ ನಿಂತಿತ್ತು. ಬಾಗಿಲ ಹತ್ತಿರ ನೂಕುನುಗ್ಗಲಾಯಿತು. ಅಪ್ಪ ಇಪ್ಪತ್ತೆರಡು ವರ್ಷದ ಅಭ್ಯಾಸಬಲದಿಂದ, "ಒಳಗ್ ಹೋಗಿ, ಒಳಗ್ ಹೋಗಿ, ಹಿಂದೆ ಜಾಗ ಇದೆ" ಎಂದುಬಿಟ್ಟ. ಇಡೀ ಬಸ್ಸು ಗೊಳ್ಳೆಂದಿತು, ಆ ಪೇದೆಯೂ ಸೇರಿ. ಮೀಸಲು ಪಡೆಯ ಮೈದಾನದಲ್ಲಿ ಕೂರಿಸಿ, ಹೆಸರು, ವಿಳಾಸ, ಬಿಲ್ಲೆ ನಂಬರ್ ಬರೆದುಕೊಂಡು ಸಂಜೆ ಬಿಟ್ಟರು. ನಂಬರ್ ಹೇಳುವಾಗ ಅಪ್ಪನ ದನಿ ಸಣ್ಣಗಾದದ್ದು ನನಗೆ ಕೇಳಿಸಿತು.

ಎಲ್ಲವೂ ಹೀಗೇ ನಗುವ ಹಾಗಿರಲಿಲ್ಲ. ಪಕ್ಕದ ಮನೆಯ ಅಂಕಲ್ ಮೂರನೇ ದಿನವೇ ಡ್ಯೂಟಿಗೆ ಹೋಗಿದ್ದರು. ಮಗಳ ಮದುವೆ ಸಾಲ. ಅಮ್ಮ ಅವರ ಮನೆಯೊಂದಿಗೆ ಮಾತು ಬಿಟ್ಟಳು. ಯುಗಾದಿಯ ವಾರವೇ ಜಮಖಂಡಿ ಬಳಿ ಬಸ್ಸಿಗೆ ಕಲ್ಲು ಬಿದ್ದು, ಡ್ಯೂಟಿಯಲ್ಲಿದ್ದ ಚಾಲಕರೊಬ್ಬರು ತೀರಿಕೊಂಡರು. ಆ ಸುದ್ದಿ ಬಂದ ರಾತ್ರಿ ಅಪ್ಪ ಊಟ ಬಿಟ್ಟೆದ್ದ. "ನಾವ್ ನಾವೇ ಕಣೇ" ಎಂದಷ್ಟೇ ಅಂದ. ಮರುದಿನ ಅಮ್ಮ ಪಕ್ಕದ ಮನೆ ಆಂಟಿಗೆ ಒಂದು ಬಟ್ಟಲು ಹುಳಿ ಕಳಿಸಿದಳು.

ಸೋಂಕು ಏರುತ್ತಿತ್ತು, ಹೈಕೋರ್ಟ್ ಇದು ಮುಷ್ಕರದ ಸಮಯವಲ್ಲ ಎಂದಿತು. 21ಕ್ಕೆ ಮುಷ್ಕರ ನಿಂತಿತು. ಹದಿನೈದು ದಿನ, ಆರನೇ ಆಯೋಗವಿಲ್ಲ. ಅಪ್ಪ ಶೂ ಪಾಲಿಶ್ ಮಾಡಿಕೊಂಡು ಡಿಪೊಗೆ ಹೋದರೆ ಶೆಡ್ಯೂಲ್ ಕೊಡದೆ ಮೂಲೆಯ ಬೆಂಚಿನ ಮೇಲೆ ಕೂರಿಸಿದರು. 27ರಿಂದ ಮತ್ತೆ ಲಾಕ್‌ಡೌನ್. ಅದು ಮುಗಿಯುವಷ್ಟರಲ್ಲಿ ಅಪ್ಪನ ನಂಬರೂ ಪಟ್ಟಿಯಲ್ಲಿ ಬಂತು: ದೂರದ ವಿಭಾಗಕ್ಕೆ ವರ್ಗ.

ಅಲ್ಲಿ ಒಂಟಿ ರೂಮು. ಬ್ಯಾಗಿಗೆ ಆ ತಟ್ಟೆಯನ್ನೇ ಹಾಕಿಕೊಂಡ. ಬೇರೆ ಕೊಡ್ತೀನಿ ಅಂದರೂ ಕೇಳಲಿಲ್ಲ. ಮೊದಲ ಭಾನುವಾರ ಫೋನ್ ಮಾಡಿದವನು ಅಮ್ಮನನ್ನು ರೇಗಿಸಿದ: "ಏನ್ ಬಡ್ದಿದ್ಯೇ ಮಾರಾಯ್ತಿ, ಸಾರು ಹಾಕಿದ್ರೆ ಎಲ್ಲಾ ಒಂದೇ ಕಡೆ ಹೋಗಿ ನಿಲ್ಲುತ್ತೆ."