ತಾಳಿ ತೋರಿಸಿದ ಮೇಲೂ ಮುಗಿಯದ ಮಾತು

ಮಂಗಳವಾರ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಒಬ್ಬರ ಹೆಸರು ಹೇಳುವುದು ಕಷ್ಟ.

ನಮ್ಮನೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದೆವು. ಸುಲಿಯುವ ಮಷಿನ್ ಬಂದಮೇಲೆ ಹೀಗೆ ಜನ ಸೇರುವುದೇ ಕಮ್ಮಿ. ಈ ಸಲ ಮಷಿನ್ ಸಮಯಕ್ಕೆ ಸಿಗಲಿಲ್ಲ, ಕೊಯ್ದ ಗೊನೆ ಹಾಗೇ ಬಿಡುವ ಹಾಗೂ ಇಲ್ಲ. ಆಚೀಚೆ ಮನೆಯವರು ಮೆಟ್ಟುಗತ್ತಿ ಹಿಡಿದುಕೊಂಡು ಬಂದರು. ಅವರ ಜೊತೆ ಆ ಅಕ್ಕನೂ ಬಂದಳು. ಅವಳ ಹೆಸರು ಬರೆಯುವುದಿಲ್ಲ. ಊರಿನ ಹೆಸರೂ ಬೇಡ ಎಂದಿದ್ದಾಳೆ. ತೀರ್ಥಹಳ್ಳಿ ತಾಲ್ಲೂಕು ಅಂದರೆ ಸಾಕು.

ರಸ್ತೆ ಬದಿಯ ಹಳೇ ತೋಟದ ಮನೆಯನ್ನು ಬಾಡಿಗೆಗೆ ಹಿಡಿದು ಒಂದು ಹೊಸ ಪಂಥದವರು ಬಂದು ಕೂತಿದ್ದಾರೆ. ಗುರು ಇರುವುದು ಬೇರೆ ರಾಜ್ಯದಲ್ಲಿ. ಇಲ್ಲಿ ಶಿಷ್ಯರು ಭಾನುವಾರ ಸತ್ಸಂಗ ನಡೆಸುತ್ತಾರೆ. ಕಣ್ಣು ಮುಚ್ಚಿ ಕೂರುವುದು, ಹಾಡುವುದು, ಆಮೇಲೆ ಪ್ರಸಾದ. ಅಕ್ಕ ಅಲ್ಲಿಗೆ ಹೋಗುತ್ತಾಳೆ. ಅವಳ ಗಂಡನೂ ಹೋಗುತ್ತಾನೆ. ಅವನು ಕುಡಿಯುವುದು ಬಿಟ್ಟಿದ್ದು ಅಲ್ಲಿ ಹೋಗಲು ಶುರು ಮಾಡಿದ ಮೇಲೆಯೇ. ಇದನ್ನು ಊರಲ್ಲಿ ಯಾರೂ ಎತ್ತಿ ಆಡುವುದಿಲ್ಲ.

ಆಡುವುದು ಬೇರೆ. ಪ್ರಸಾದದಲ್ಲಿ ಏನೋ ಬೆರೆಸುತ್ತಾರಂತೆ. ಮನೆಯ ದೇವರ ಪಟಗಳನ್ನು ಹೊಳೆಗೆ ಹಾಕಿಸುತ್ತಾರಂತೆ. ಅಮಾವಾಸ್ಯೆ ರಾತ್ರಿ ಒಳಗೆ ಹೆಂಗಸರನ್ನು ಮಾತ್ರ ಬಿಡುತ್ತಾರಂತೆ. ಮೊನ್ನೆ ಒಬ್ಬರ ಕೊಟ್ಟಿಗೆಯಿಂದ ಕರು ಕಾಣೆಯಾಯಿತು. ಕಾಡಂಚಿನ ಊರಲ್ಲಿ ಕರು ಹೋದರೆ ಚಿರತೆ ಅನ್ನುತ್ತಿದ್ದೆವು. ಈ ಸಲ ಯಾರ ಬಾಯಲ್ಲೂ ಚಿರತೆ ಬರಲಿಲ್ಲ. ಸಂಜೆಯೊಳಗೆ ವಾಟ್ಸಾಪಿನಲ್ಲಿ ಆ ಪಂಥದವರ ಮೇಲೆ ಗೂಬೆ ಕೂರಿಸುವ ಒಂದು ಧ್ವನಿ ಸಂದೇಶ ಹರಿದಾಡಿತು. ಹೇಳಿದವರು ಯಾರು, ಎಲ್ಲಿಯವರು, ಒಂದೂ ಗೊತ್ತಿಲ್ಲ. ಆದರೂ ಎಲ್ಲರ ಫೋನಿನಲ್ಲೂ ಅದೇ.

ಅಂಗಳದಲ್ಲಿ ಸ್ವಲ್ಪ ಹೊತ್ತು ಎಲ್ಲ ಸರಿ ಇತ್ತು. ಅಡಿಕೆ ರೇಟು, ಎಲೆಚುಕ್ಕಿ ರೋಗ, ಯಾರದೋ ಮಗಳ ಬಾಣಂತನ. ಆಮೇಲೆ ಕೆಳಗಿನ ಮನೆ ಅತ್ತಿಗೆ ಬಾಯಿ ತೆಗೆದರು.

"ಅಲ್ಲಾ ಮಾರಾಯ್ತಿ, ಅಲ್ಲಿ ಹೋದವರ ತಾಳಿ ತೆಗೆಸ್ತಾರಂತಲ್ಲ, ಹೌದಾ?"

ಅಕ್ಕ ಸುಲಿಯುವುದನ್ನು ನಿಲ್ಲಿಸಿದಳು. ಕೈಯಲ್ಲಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕಿದಳು. ಸೀರೆಗೆ ಕೈ ಒರೆಸಿಕೊಂಡಳು. ಅಡಿಕೆ ಸುಲಿದು ಕಪ್ಪಾದ ಬೆರಳು ರವಿಕೆಯೊಳಗೆ ಹಾಕಿ ಕರಿಮಣಿ ಹೊರಗೆಳೆದಳು. ತಾಳಿ, ಎರಡು ಗುಂಡು, ಜೊತೆಗೆ ಸಿಕ್ಕಿಸಿದ ಒಂದು ಪಿನ್ನು. ಅದನ್ನು ಬಲ್ಬಿನ ಬೆಳಕಿಗೆ ಎತ್ತಿ ಹಿಡಿದಳು.

"ನೋಡಿ. ಎಲ್ಲರೂ ನೋಡಿ."

ಅಷ್ಟೇ ಹೇಳಿದ್ದು. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ, ಎಲ್ಲರೂ ನೋಡಿ ಮುಗಿಸುವವರೆಗೂ ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಒಳಗೆ ಹಾಕಿಕೊಂಡು ಇನ್ನೊಂದು ಅಡಿಕೆ ಎತ್ತಿಕೊಂಡಳು. ತಪ್ಪಾಯ್ತು ಎನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಮೂವತ್ತು ವರ್ಷ ಬಾಳಿದ ಹೆಂಗಸು ಹತ್ತು ಜನರ ಎದುರು ತನ್ನ ತಾಳಿಯನ್ನು ಸಾಕ್ಷಿಯ ಹಾಗೆ ತೋರಿಸಬೇಕಾಗಿ ಬಂತಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅತ್ತಿಗೆ ಕೆಟ್ಟವರಲ್ಲ. ಊರಲ್ಲಿ ಯಾರಿಗೆ ಹುಷಾರಿಲ್ಲ ಅಂದರೂ ಗಂಜಿ ತೆಗೆದುಕೊಂಡು ಮೊದಲು ಬರುವುದು ಅವರೇ. ಕಳೆದ ಮಳೆಗಾಲ ಇದೇ ಅಕ್ಕನಿಗೆ ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದವರು. ಅಂಥವರೇ ಹೀಗೆ ಕೇಳಿದರು ಅನ್ನುವುದು ನನಗೆ ಜಾಸ್ತಿ ನೋವು. ಅವರ ಪಕ್ಕ ಕೂತು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದ ಇಬ್ಬರ ಬಗ್ಗೆ ನನಗೆ ಒಳ್ಳೆ ಮಾತು ಬರುವುದಿಲ್ಲ.

ಹತ್ತು ಗಂಟೆಗೆ ಅಕ್ಕ ಹೊರಟಳು. ಸಂಕ ದಾಟಿಸಿ ಬರೋಣ ಎಂದು ಟಾರ್ಚು ಹಿಡಿದು ಜೊತೆಗೆ ಹೋದೆ. ಕಾಲ ಬುಡಕ್ಕೆ ಬೆಳಕು ಬಿಡುತ್ತಾ ಹೋಗುತ್ತಿದ್ದವಳು ಒಮ್ಮೆ ಅವಳ ಮುಖ ನೋಡಿದೆ. ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ. ತೂತು ಮುಚ್ಚಿಹೋಗದ ಹಾಗೆ ತೆಂಗಿನ ಕಡ್ಡಿಯ ಚೂರು ಸಿಕ್ಕಿಸಿಕೊಂಡಿದ್ದಳು.

"ಓಲೆ ಎಲ್ಲಿ ಅಕ್ಕ?"

ಅವಳು ನಿಂತಳು. "ಗಿರವಿ ಇಟ್ಟಿದೀನಿ. ಅಲ್ಲಿ ಧ್ಯಾನ ಮಂದಿರ ಕಟ್ತಾರಂತೆ. ಒಂದೊಂದು ಮನೆಯಿಂದ 30 ಸಾವಿರ."

"ರಸೀದಿ ಕೊಟ್ಟಿದಾರಾ?"

"ದೇವರ ಕೆಲಸಕ್ಕೆ ರಸೀದಿ ಕೇಳೋದಾ?" ಅಂದಳು. ಸ್ವಲ್ಪ ದೂರ ನಡೆದ ಮೇಲೆ ತಾನೇ ಹೇಳಿದಳು. "ಕೇಳ್ಬೇಕು ಅಂತ ನಂಗೂ ಇತ್ತು ಕಣೇ. ಇವತ್ತು ನಿಮ್ಮನೇಲಿ ಯಾರ ಹತ್ರಾನಾದ್ರೂ ಹೇಳಣ ಅಂತಲೇ ಬಂದೆ. ಆದ್ರೆ ಹೊರಗಿನವರು ಇಲ್ಲದ್ದೆಲ್ಲ ಹೇಳ್ತಾರೆ, ನಂಬಬೇಡಿ ಅಂತ ಅವರು ಮೊದಲೇ ಹೇಳಿದ್ರು. ಹೇಳಿದ ಹಾಗೇ ಆಯ್ತಲ್ಲ."

ಹೇಳಿದ ಹಾಗೇ ಆಯ್ತಲ್ಲ. ಆ ಪಂಥದವರು ಎಷ್ಟು ಪ್ರವಚನ ಮಾಡಿದ್ದರೂ ಅವಳನ್ನು ಇಷ್ಟು ಗಟ್ಟಿಯಾಗಿ ಹಿಡಿದಿಡಲು ಆಗುತ್ತಿರಲಿಲ್ಲ. ನಮ್ಮ ಅಂಗಳದಲ್ಲಿ ಕೇಳಿದ ಆ ಒಂದು ಪ್ರಶ್ನೆ ಆ ಕೆಲಸ ಮಾಡಿಕೊಟ್ಟಿತು. ಎಲ್ಲರೂ ಅವಳ ಕುತ್ತಿಗೆ ನೋಡಿದರು. ಕಿವಿ ನೋಡಲಿಲ್ಲ.

ವಾಪಸು ಬಂದಾಗ ಅಂಗಳದಲ್ಲಿ ಮಾತು ನಡೆದೇ ಇತ್ತು. "ಇಲ್ಲಿಗೆ ಬರುವಾಗ ಹಾಕ್ಕೊಂಡು ಬಂದಿರ್ತಾಳೆ ಬಿಡು." ಕಣ್ಣಾರೆ ಕಂಡದ್ದೂ ಲೆಕ್ಕಕ್ಕೆ ಬರುವುದಿಲ್ಲ ಅಂದರೆ ಆ ಹೆಂಗಸು ಇನ್ನೇನು ತೋರಿಸಬೇಕಿತ್ತು?

ಮಾರನೇ ದಿನ ಅತ್ತಿಗೆಯ ಹತ್ತಿರ ನೇರವಾಗಿ ಮಾತಾಡಿದೆ. ಅವರೂ ಬಿಡಲಿಲ್ಲ. "ಹಾಗಾದ್ರೆ ಅನುಮಾನ ಪಡೋದೇ ತಪ್ಪಾ? ಅಮೆರಿಕದಲ್ಲಿ ಆ ರಜನೀಶ್ ಕಡೆಯವರು ಊಟಕ್ಕೆ ವಿಷ ಹಾಕಿದ್ದು ಸುಳ್ಳಾ?"

ಸುಳ್ಳಲ್ಲ. 1984ರಲ್ಲಿ, ಆಮೇಲೆ ಓಶೋ ಎಂದು ಹೆಸರಾದ ಆ ಗುರುವಿನ ಆಶ್ರಮದ ಕೆಲವರು ಆರೆಗಾನ್ ರಾಜ್ಯದ ದಿ ಡಾಲ್ಸ್ ಎಂಬ ಸಣ್ಣ ಊರಲ್ಲಿ ಹೋಟೆಲುಗಳ ಸಲಾಡಿಗೆ ಸಾಲ್ಮೊನೆಲ್ಲಾ ರೋಗಾಣು ಬೆರೆಸಿದರು. 751 ಜನ ಕಾಯಿಲೆ ಬಿದ್ದರು. ಚುನಾವಣೆ ಹತ್ತಿರವಿತ್ತು, ಊರಿನವರು ವೋಟು ಹಾಕಲು ಬರದಿರಲಿ ಎಂಬ ಲೆಕ್ಕ. ಆಶ್ರಮದವರದ್ದೇ ಕೆಲಸ ಎಂದು ಅಲ್ಲಿನ ಜನ ಅನುಮಾನಪಟ್ಟಿದ್ದರು, ಅದು ನಿಜವೇ ಆಗಿತ್ತು. ಆರೋಗ್ಯ ಇಲಾಖೆಯವರು ಮಾತ್ರ ಮೊದಲು ಹೋಟೆಲ್ ಕೆಲಸದವರ ಕೈ ಶುಚಿಯಿಲ್ಲ ಎಂದು ಷರಾ ಬರೆದಿದ್ದರು. 1985ರಲ್ಲಿ ಗುರುವೇ ತನ್ನ ಕಾರ್ಯದರ್ಶಿಯಾಗಿದ್ದವಳ ಗುಂಪಿನ ಮೇಲೆ ಬೊಟ್ಟು ಮಾಡಿದ. ಪೊಲೀಸರು ಆಶ್ರಮದ ಪ್ರಯೋಗಾಲಯ ಜಾಲಾಡಿದರು, ರೋಗಾಣುವಿನ ಸೀಸೆ ಸಿಕ್ಕಿತು. ಆಮೇಲೆ ತಪ್ಪಿತಸ್ಥರಿಗೆ ಶಿಕ್ಷೆ ಆಯಿತು. ಅನುಮಾನ ಬೇಡ ಎಂದು ನಾನು ಹೇಳಲೇ ಇಲ್ಲ. ಅನುಮಾನ ಬಂದರೆ ಸೀಸೆ ಹುಡುಕುವವರೆಗೂ ಹೋಗಬೇಕು. ನಾವು ತಾಳಿಯ ಹತ್ತಿರವೇ ನಿಂತುಬಿಟ್ಟೆವು.

ಅತ್ತಿಗೆಗೆ ಇನ್ನೊಂದು ಕತೆಯನ್ನೂ ಹೇಳಿದೆ. 1978ರ ನವೆಂಬರಿನಲ್ಲಿ ಗಯಾನಾ ದೇಶದ ಜೋನ್ಸ್‌ಟೌನ್‌ನಲ್ಲಿ ಒಬ್ಬ ಪಾದ್ರಿಯ ಮಾತು ಕೇಳಿ ಹೋದ 900ಕ್ಕೂ ಹೆಚ್ಚು ಜನ ಸತ್ತರು. ತುಂಬಾ ಮಕ್ಕಳೂ ಇದ್ದರು. ಅದಕ್ಕೆ ಮೊದಲೇ ಅಮೆರಿಕದಲ್ಲಿದ್ದ ಅವರ ಅಪ್ಪ ಅಮ್ಮಂದಿರು, ನೆಂಟರು ಸೇರಿಕೊಂಡು ಸರ್ಕಾರಕ್ಕೆ ದೂರು ಕೊಟ್ಟಿದ್ದರು. ಅವರು ಕೇಳಿದ್ದು ಮಾಟ ಮಂತ್ರದ ವಿಷಯ ಅಲ್ಲ. ನಮ್ಮವರ ಪಾಸ್‌ಪೋರ್ಟ್ ಯಾಕೆ ಕಿತ್ತಿಟ್ಟುಕೊಂಡಿದ್ದೀರಿ? ಕಾಗದಗಳನ್ನು ಯಾಕೆ ಒಡೆದು ಓದುತ್ತೀರಿ? ಬಿಟ್ಟು ಬರುತ್ತೇನೆ ಅಂದವರನ್ನು ಯಾಕೆ ಬಿಡುವುದಿಲ್ಲ? ಎಂಥ ಸರಿಯಾದ ಪ್ರಶ್ನೆಗಳು! ಅದನ್ನು ವಿಚಾರಿಸಲು ಅಲ್ಲಿಗೆ ಹೋದ ಸಂಸದ ಲಿಯೋ ರಯಾನ್‌ನನ್ನು ವಾಪಸು ಹೊರಡುವಾಗ ಗುಂಡಿಟ್ಟು ಕೊಂದರು. ಹೆತ್ತವರ ಮಾತನ್ನು ಇನ್ನೂ ಮೊದಲೇ ಕೇಳಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ಇನ್ನೊಂದು ಬದಿಯೂ ಇದೆ. ಬಿಳಿ ಸೀರೆಯ ಬ್ರಹ್ಮಾಕುಮಾರಿಯರನ್ನು ಕಂಡರೆ ಇವತ್ತು ನಮ್ಮ ಕಡೆ ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. 1930ರ ದಶಕದಲ್ಲಿ ಸಿಂಧ್‌ನ ಹೈದರಾಬಾದಿನಲ್ಲಿ ಓಂ ಮಂಡಳಿ ಎಂಬ ಹೆಸರಿನಲ್ಲಿ ಶುರುವಾದಾಗ ಅವರನ್ನು ಕಂಡರೆ ಊರಿಗೆ ಊರೇ ಉರಿದುಬೀಳುತ್ತಿತ್ತು. ವಜ್ರದ ವ್ಯಾಪಾರಿ ಲೇಖರಾಜ್ ಕೃಪಲಾನಿ ಹೆಂಗಸರ ಮೇಲೆ ವಶೀಕರಣ ಮಾಡಿದ್ದಾನೆ, ಸಂಸಾರ ಒಡೆಯುತ್ತಿದ್ದಾನೆ ಎಂದರು. ವಿರೋಧಕ್ಕೆಂದೇ ಸಮಿತಿ ಕಟ್ಟಿದರು, ಬಾಗಿಲಲ್ಲಿ ಪಿಕೆಟಿಂಗ್ ಮಾಡಿದರು. ಅವರು ಕರಾಚಿಗೆ ಹೋದರು, 1950ರಲ್ಲಿ ಮೌಂಟ್ ಅಬುಗೆ ಬಂದರು. ಬ್ರಹ್ಮಚರ್ಯ ಪಾಲಿಸುತ್ತೇವೆ ಎಂದು ಹೆಂಗಸರೇ ಹೇಳತೊಡಗಿದ್ದು ಗಂಡಂದಿರಿಗೆ ಸಹಿಸಲಾಗಲಿಲ್ಲ. ವಶೀಕರಣದ ಮಾತು ಹುಟ್ಟಿದ್ದು ಅಲ್ಲಿಂದ ಎಂದೇ ನನಗೆ ಅನಿಸುತ್ತದೆ. ಹೆಂಗಸು ತಾನಾಗಿ ಯೋಚನೆ ಮಾಡಿ ಒಂದು ದಾರಿ ಹಿಡಿದಿರಬಹುದು ಎಂದು ಒಪ್ಪುವುದಕ್ಕಿಂತ ಯಾರೋ ಮಂಕುಬೂದಿ ಎರಚಿದ್ದಾರೆ ಅನ್ನುವುದು ಸುಲಭ ಅಲ್ವಾ? ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವೆಯ ಅಲ್ಲಮ ನಮ್ಮ ಜಿಲ್ಲೆಯವರು ಎಂದು ಎದೆಯುಬ್ಬಿಸಿ ಹೇಳುತ್ತೇವೆ. ಆ ಹುಡುಗಿ ಮನೆ ಬಿಟ್ಟು ಹೊರಟ ದಿನ ಅವಳ ಹಿಂದೆ ಊರು ಏನೆಲ್ಲ ಮಾತಾಡಿರಬೇಡ!

ನನಗೆ ಎಚ್. ನರಸಿಂಹಯ್ಯನವರ ಮೇಲೆ ತುಂಬಾ ಗೌರವ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಕಾಗದ ಬರೆದು ಕರೆದರು. ಉತ್ತರ ಬರಲಿಲ್ಲ. ಬಾಬಾರ ಭಕ್ತರು ಎಷ್ಟು ದೊಡ್ಡ ಹುದ್ದೆಗಳಲ್ಲಿದ್ದರೆಂದು ಎಲ್ಲರಿಗೂ ಗೊತ್ತಿದ್ದ ಕಾಲ ಅದು. ಆದರೂ ಹೆಸರು, ವಿಳಾಸ ಎಲ್ಲ ಹಾಕಿ ಕೇಳಿದರು. ಮೊನ್ನೆಯ ಧ್ವನಿ ಸಂದೇಶಕ್ಕೆ ವಾರಸುದಾರರೇ ಇಲ್ಲ. ಸುಳ್ಳೆಂದು ಗೊತ್ತಾದರೆ ನಾಳೆ ಯಾರ ಮನೆ ಬಾಗಿಲಿಗೆ ಹೋಗಿ ಕೇಳುವುದು?

ಕಾನೂನೂ ನಮ್ಮಲ್ಲಿ ಇದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2017ರಲ್ಲಿ ಪಾಸಾಗಿ 2020ರಿಂದ ಜಾರಿಯಲ್ಲಿದೆ. ಅದು ನೋಡುವುದು ಏನು ಮಾಡಿದರು ಅನ್ನುವುದನ್ನು. ಪಂಥ ಹೊಸದೋ ಹಳೇದೋ ಎಂದು ಅದು ಕೇಳುವುದಿಲ್ಲ. ಸಾಕ್ಷಿ ಇದ್ದರೆ ಪೊಲೀಸ್ ಠಾಣೆಗೆ ಹೋಗಬಹುದು. ಗುಸುಗುಸು ಹಿಡಿದುಕೊಂಡು ಠಾಣೆಗೆ ಹೋಗಲಾಗುವುದಿಲ್ಲ.

ಆ ಪಂಥದ ಬಗ್ಗೆ ನನಗೂ ಒಳ್ಳೆ ಅಭಿಪ್ರಾಯ ಇಲ್ಲ. ಬಡವರ ಓಲೆ ಗಿರವಿ ಅಂಗಡಿ ಸೇರಿದ ಮೇಲೆ ಮೇಲೇಳುವ ಧ್ಯಾನ ಮಂದಿರದಲ್ಲಿ ಯಾರಿಗೆ ಧ್ಯಾನ ಹತ್ತುತ್ತದೆ? ಹೊರಗಿನವರ ಮಾತು ನಂಬಬೇಡಿ ಎಂದು ಮೊದಲೇ ಹೇಳಿಕೊಟ್ಟು ಕಳಿಸುವವರ ಬಗ್ಗೆಯೂ ನನಗೆ ಹೆದರಿಕೆ ಇದೆ. ಆದರೆ ಕುಡಿತ ಬಿಟ್ಟ ಗಂಡ, ರಾತ್ರಿ ಬೈಗುಳ ಇಲ್ಲದ ಮನೆ, ಅದನ್ನೂ ಅಕ್ಕ ಕಂಡಿದ್ದಾಳೆ. ಸುಮ್ನೆ ಹೋಗಬೇಡ ಎಂದರೆ ಅವಳು ಯಾಕೆ ಕೇಳುತ್ತಾಳೆ? ಇಷ್ಟು ವರ್ಷ ಅವನು ಕುಡಿದು ಬಂದು ಗಲಾಟೆ ಮಾಡುವಾಗ ನಮ್ಮ ಊರಿನ ಯಾವ ಹಿರಿಯರೂ ಹೋಗಿ ಬಾಗಿಲು ತಟ್ಟಿದ್ದು ನಾನು ಕಾಣೆ.

ನಿನ್ನೆ ಅಕ್ಕನಿಗೆ ಫೋನ್ ಮಾಡಿದೆ. ನಾನೂ ಬರುತ್ತೇನೆ, ಒಟ್ಟಿಗೆ ಕೇಳೋಣ ಎಂದೆ. "ನೀನೊಬ್ಬಳೇ ಆದ್ರೆ ಬಾ. ಕೆಳಗಿನ ಮನೆಯವರು ಬೇಡ" ಅಂದಳು. ಏನೇನು ಕೇಳಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ರಸೀದಿ. ದುಡ್ಡು ಯಾರ ಹೆಸರಿನ ಖಾತೆಗೆ ಹೋಗಿದೆ. ಕಟ್ಟಡ ಏಳದಿದ್ದರೆ ವಾಪಸು ಕೊಡುತ್ತಾರಾ. ಅವಳ ಶುಗರ್ ಮಾತ್ರೆ ಬಿಡಿಸುವ ಮಾತೇನಾದರೂ ಇದೆಯಾ. ಕೊನೆಯದನ್ನು ನಾನು ಸೇರಿಸಿದ್ದು. ಹತ್ತು ಗಂಟೆಗೆ ಸತ್ಸಂಗ ಶುರು, ಜನ ಸೇರುವ ಮೊದಲೇ ಕೇಳುವುದು ಒಳ್ಳೆಯದು ಎಂದು ಅಕ್ಕನೇ ಹೇಳಿದಳು. ಭಾನುವಾರ ಒಂಬತ್ತೂವರೆಗೆ ಅಲ್ಲಿರುತ್ತೇವೆ.